ನಕ್ಷೆ ಮೊದಲೋ, ಕೇರಿ ಮೊದಲೋ?



ಜೋನು, ಮಾಸ್ಟರ್ ಪ್ಲಾನು, ಭೂ ಬಳಕೆ ಎಂಬ ಮಾತುಗಳು ಹಾಸ್ಟೆಲಿನ ನಮ್ಮ ಹುಡುಗರಿಗೆ ಸೈಟು ಮಾರುವವರ ಮಾತು ಅನ್ನಿಸುತ್ತವೆ. ಸ್ಕಾಲರ್‌ಶಿಪ್ ಬಂದಿಲ್ಲ, ಸಾರಿನಲ್ಲಿ ಬೇಳೆ ಇಲ್ಲ, ಹುದ್ದೆಗಳು ಖಾಲಿ ಬಿದ್ದಿವೆ, ಇಷ್ಟೆಲ್ಲ ಇರುವಾಗ ಸಂಪಾದಕೀಯ ನಕ್ಷೆಯ ಮೇಲೆ ಯಾಕಪ್ಪಾ ಅಂತ ಕೇಳುವವರಿದ್ದಾರೆ. ಯಾಕೆ ಅಂದ್ರೆ, ನಿಮ್ಮ ಅಪ್ಪ ಅವ್ವ ಇವತ್ತು ರಾತ್ರಿ ಮಲಗುವ ಜಾಗ ಮನೆಯೋ ಒತ್ತುವರಿಯೋ ಅಂತ ತೀರ್ಮಾನ ಮಾಡುವ ಕಾಗದ ಅದು. ಆ ಕಾಗದ ನೀವು ಓದದಿದ್ದರೆ ಬೇರೆ ಯಾರೋ ಓದುತ್ತಾರೆ. ಓದಿದವನಿಗೆ ಜಾಗ ಸಿಗುತ್ತೆ, ಓದದವನಿಗೆ ನೋಟೀಸು ಸಿಗುತ್ತೆ.

ಶಿವಮೊಗ್ಗ ಬೆಳೆಯುತ್ತಿದೆ. 2013ರಲ್ಲಿ ಮಹಾನಗರ ಪಾಲಿಕೆ ಆಯಿತು. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ಇಳಿಯಿತು. ಭದ್ರಾವತಿಯ ಕಡೆಗೆ ಮಾಚೇನಹಳ್ಳಿ, ಈ ಕಡೆ ಸಾಗರ ರಸ್ತೆ, ಎರಡೂ ಕಡೆ ಊರು ಕೈ ಚಾಚುತ್ತಿದೆ. ಆಯನೂರಿನಂಥ ಹೋಬಳಿ ಊರಿನ ರಸ್ತೆ ಬದಿಯ ಜಮೀನಿಗೆ ಬೆಲೆ ಬಂದಿದೆ. ಬೆಲೆ ಬಂದ ಕಡೆಗೆ ನಕ್ಷೆ ಬರುತ್ತೆ. ಆದ್ದರಿಂದ ನಕ್ಷೆ ಬರುವ ಮೊದಲೇ ನಾವು ಅದರ ಭಾಷೆ ಕಲಿಯಬೇಕು.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಅದರ ಪ್ರಕಾರ ಯೋಜನಾ ಪ್ರಾಧಿಕಾರ ತನ್ನ ವ್ಯಾಪ್ತಿಯ ಸರ್ವೆ ಮಾಡಿ ಮಹಾಯೋಜನೆ ತಯಾರಿಸಬೇಕು. ಯಾವ ಜಾಗ ವಸತಿಗೆ, ಯಾವುದು ಅಂಗಡಿಗೆ, ಯಾವುದು ಕಾರ್ಖಾನೆಗೆ, ಯಾವುದು ಪಾರ್ಕಿಗೆ ಅಂತ ಬಣ್ಣ ಬಳಿಯಬೇಕು. ಹಳದಿ ಅಂದ್ರೆ ವಸತಿ, ನೇರಳೆ ಕೈಗಾರಿಕೆ, ಹಸಿರು ಉದ್ಯಾನ. ನೀಲಿಯೂ ಇದೆ. ಆದರೆ ಅದು ನಮ್ಮ ನೀಲಿ ಅಲ್ಲ, ಅಂಗಡಿ ಸಾಲಿನ ನೀಲಿ. ಒಮ್ಮೆ ಯೋಜನೆ ಮಾಡುತ್ತೇವೆ ಅಂತ ಪ್ರಕಟಿಸಿದ ಮೇಲೆ, ಭೂ ಬಳಕೆ ಬದಲಿಸಬೇಕಾದರೂ ಹೊಸದಾಗಿ ಕಟ್ಟಬೇಕಾದರೂ ಪ್ರಾಧಿಕಾರದ ಲಿಖಿತ ಅನುಮತಿ ಬೇಕು.

ಇಲ್ಲೊಂದು ಪ್ರಶ್ನೆ ಹುಟ್ಟುತ್ತೆ. ನಕ್ಷೆಗೆ ಮೊದಲೇ ಅಲ್ಲಿ ಏನೋ ಇದ್ದರೆ? ಹಳದಿ ಬಳಿದ ಜಾಗದಲ್ಲಿ ಐವತ್ತು ವರ್ಷದ ಅಕ್ಕಿ ಗಿರಣಿ ಇದ್ದರೆ? ಹಸಿರು ಬಳಿದ ಕಡೆ ಇಪ್ಪತ್ತು ಮನೆ ಇದ್ದರೆ? ಪ್ರಪಂಚದ ಎಲ್ಲ ವಲಯ ನಿಯಮಗಳೂ ಈ ಪ್ರಶ್ನೆಗೆ ಹೆಚ್ಚೂಕಮ್ಮಿ ಒಂದೇ ಉತ್ತರ ಕೊಡುತ್ತವೆ. ಕಾನೂನುಬದ್ಧವಾಗಿ ಮೊದಲೇ ಇದ್ದದ್ದು ಮುಂದುವರಿಯಬಹುದು. ಇದಕ್ಕೆ ನಾನ್-ಕನ್‌ಫಾರ್ಮಿಂಗ್ ಯೂಸ್ ಅಂತಾರೆ. ನಾವು 'ಹೊಂದದ ಬಳಕೆ' ಅನ್ನೋಣ. ನಕ್ಷೆಗೆ ಹೊಂದುವುದಿಲ್ಲ, ಆದರೂ ಇರಬಹುದು. ಇದರ ಹಿಂದಿನ ನ್ಯಾಯ ಸರಳವಾದದ್ದು. ನಿನ್ನೆ ತಪ್ಪಲ್ಲದ ಕೆಲಸವನ್ನು ಇವತ್ತು ಗೆರೆ ಎಳೆದು ತಪ್ಪು ಮಾಡಬಾರದು.

ಒಳ್ಳೆಯ ಮಾತು. ಇದಕ್ಕೆ ನಮ್ಮ ತಕರಾರಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1918ರಲ್ಲಿ ಸ್ಥಾಪನೆ ಆದದ್ದು. ಮೈಸೂರು ಕಾಗದ ಕಾರ್ಖಾನೆ ಕಂಪನಿಯಾಗಿದ್ದು 1936ರಲ್ಲಿ. ಆಗ ಯೋಜನಾ ಕಾಯ್ದೆಯೂ ಇರಲಿಲ್ಲ, ಬಣ್ಣದ ನಕ್ಷೆಯೂ ಇರಲಿಲ್ಲ. ಅಂಥ ಚಿಮಣಿಯನ್ನು ನೋಡಿ 'ನೀನು ನಕ್ಷೆಗೆ ಹೊಂದಲ್ಲ' ಅಂತ ಯಾವ ಅಧಿಕಾರಿಯೂ ಹೇಳುವುದಿಲ್ಲ. ಚಿಮಣಿ ಎಲ್ಲಿದೆ ಅಂತ ನೋಡಿಕೊಂಡು ಅದರ ಸುತ್ತ ನೇರಳೆ ಬಳಿಯುತ್ತಾನೆ. ಅಂದರೆ ದೊಡ್ಡದು ಮೊದಲೇ ಇದ್ದರೆ ನಕ್ಷೆ ಅದಕ್ಕೆ ಹೊಂದಿಕೊಳ್ಳುತ್ತೆ. ಸಣ್ಣದು ಮೊದಲೇ ಇದ್ದರೆ ಅದೇ ನಕ್ಷೆಗೆ ಹೊಂದಿಕೊಳ್ಳಬೇಕು.

ಈಗ ನಮ್ಮ ಕೇರಿಗೆ ಬನ್ನಿ.

ಈ ದೇಶದ ಮೊದಲ ವಲಯ ನಿಯಮ ಬರೆದದ್ದು ಯಾವ ಟೌನ್ ಪ್ಲಾನರೂ ಅಲ್ಲ. ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ. ಬಾವಿ ಇಲ್ಲಿ, ಹೊಂಡ ಅಲ್ಲಿ. ದೇವಸ್ಥಾನ ಇಲ್ಲಿ, ಸತ್ತ ದನ ಹಾಕುವ ಜಾಗ ಅಲ್ಲಿ. ಅಸ್ಪೃಶ್ಯರು ಊರ ಹೊರಗೆ ಯಾಕೆ ಇದ್ದಾರೆ ಎಂಬ ಒಂದೇ ಪ್ರಶ್ನೆ ಹಿಡಿದು ಬಾಬಾಸಾಹೇಬರು 1948ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ನಕ್ಷೆ ಯಾವ ಗೆಜೆಟ್ಟಿನಲ್ಲೂ ಬರಲಿಲ್ಲ. ಅದಕ್ಕೆ ಯಾರೂ ಆಕ್ಷೇಪಣೆ ಕರೆಯಲಿಲ್ಲ. ಆದರೂ ಸಾವಿರಾರು ವರ್ಷ ಒಂದಿಂಚು ಅತ್ತಿತ್ತ ಆಗದ ಹಾಗೆ ಜಾರಿಯಲ್ಲಿತ್ತು. ಊರಿನವರೇ ತೋರಿಸಿದ ಜಾಗದಲ್ಲಿ ನಮ್ಮ ಹಿರಿಯರು ಗುಡಿಸಲು ಹಾಕಿದರು. ಆಮೇಲೆ ಸರ್ಕಾರ ಬಂತು, ಸರ್ವೆ ಬಂತು. ಎಷ್ಟೋ ಕಡೆ ಊರು ಗ್ರಾಮಠಾಣಾ ಆಯಿತು, ಕೇರಿ ಮಾತ್ರ ಗೋಮಾಳದಲ್ಲೋ, ಖರಾಬಿನಲ್ಲೋ, ಕೆರೆ ಅಂಗಳದಲ್ಲೋ, ಜಮೀನ್ದಾರನ ಪಹಣಿಯ ಒಂದು ಮೂಲೆಯಲ್ಲೋ ಉಳಿದುಹೋಯಿತು. ಈಗ ನಕ್ಷೆ ಬಂದಾಗ ಅಧಿಕಾರಿ ಕೇಳುವುದು 'ಎಷ್ಟು ವರ್ಷದಿಂದ ಇದ್ದೀರಿ' ಅಂತ ಅಲ್ಲ, 'ಕಾಗದ ಎಲ್ಲಿ' ಅಂತ.

ನಿಯಮದ ಇಡೀ ಮರ್ಮ ಆ ಒಂದು ಪದದಲ್ಲಿದೆ: 'ಕಾನೂನುಬದ್ಧವಾಗಿ'. ಮೊದಲೇ ಇದ್ದರೆ ಸಾಲದು, ಕಾನೂನುಬದ್ಧವಾಗಿ ಮೊದಲೇ ಇರಬೇಕು. ಗಿರಣಿ ಮಾಲೀಕನ ಹತ್ತಿರ ಲೈಸೆನ್ಸಿದೆ, ಕ್ರಯಪತ್ರವಿದೆ. ಅವನದು 'ಹೊಂದದ ಬಳಕೆ'. ಅವನಿಗಿಂತ ಮೊದಲೇ ಅಲ್ಲಿದ್ದ ನಮ್ಮವನ ಹತ್ತಿರ ಅಜ್ಜನ ಸಮಾಧಿ ಇದೆ, ಒಂದು ಹುಣಸೆ ಮರ ಇದೆ. ಅವನದು 'ಒತ್ತುವರಿ'. ಇಬ್ಬರೂ ನಕ್ಷೆಗಿಂತ ಮೊದಲಿನವರೇ. ಆದರೆ ಒಬ್ಬನಿಗೆ ರಕ್ಷಣೆ, ಇನ್ನೊಬ್ಬನಿಗೆ ಜೆಸಿಬಿ. ಅಕ್ಷರವನ್ನೂ ಆಸ್ತಿಯನ್ನೂ ನಮಗೆ ನಿಷೇಧಿಸಿದ ಸಮಾಜವೇ ಈಗ ಅಕ್ಷರದಲ್ಲಿ ಬರೆದ ಆಸ್ತಿಪತ್ರ ತೋರಿಸು ಅನ್ನುತ್ತಿದೆ. ಇದು ಯಾವ ನ್ಯಾಯ?

ಹೋಗಲಿ, ರಕ್ಷಣೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಅದರ ಷರತ್ತುಗಳನ್ನೂ ನೋಡಿ. ಹೊಂದದ ಬಳಕೆಗೆ ಸಾಮಾನ್ಯವಾಗಿ ಮೂರು ಬೇಲಿ ಹಾಕುತ್ತಾರೆ. ಒಂದು, ವಿಸ್ತರಿಸುವಂತಿಲ್ಲ. ಎರಡು, ಒಂದಷ್ಟು ಕಾಲ ನಿಲ್ಲಿಸಿದರೆ ಹಕ್ಕು ಹೋಯಿತು. ಮೂರು, ಕಟ್ಟಡ ಬಹುಪಾಲು ಹಾಳಾದರೆ ಅದೇ ರೀತಿ ಮತ್ತೆ ಕಟ್ಟುವಂತಿಲ್ಲ. ಬರೀ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳಬಹುದು. ಕಾಗದದ ಮೇಲೆ ಇವು ಎಲ್ಲರಿಗೂ ಸಮ. ನೆಲದ ಮೇಲೆ?

ಆರ್‌ಸಿಸಿ ಗೋದಾಮು ಮಳೆಗೆ ಬೀಳಲ್ಲ. ಮಲೆನಾಡ ಅಂಚಿನ ಆಯನೂರು ಸೀಮೆಯಲ್ಲಿ ಜುಲೈ ತಿಂಗಳ ಮಳೆಗೆ ಬೀಳುವುದು ಮಣ್ಣಿನ ಗೋಡೆ. ಬಿದ್ದ ಗೋಡೆಯನ್ನು ಎತ್ತಿದರೆ ಅದು ರಿಪೇರಿಯೋ, ಹೊಸ ಕಟ್ಟೋಣವೋ? ಹೊಸದು ಅಂದುಬಿಟ್ಟರೆ ಮೂರು ತಲೆಮಾರಿನ ಮನೆ ಒಂದು ಮಳೆಗೆ ಅಕ್ರಮ ಆಗಿಹೋಯಿತು. ಗಿರಣಿ ವರ್ಷವಿಡೀ ನಡೆಯುತ್ತೆ. ಇಟ್ಟಿಗೆ ಸುಡುವವನು, ಚರ್ಮ ಹದ ಮಾಡುವವನು ಮಳೆಗಾಲದಲ್ಲಿ ಕೆಲಸ ನಿಲ್ಲಿಸಲೇಬೇಕು. ಕಾಫಿ ಸೀಮೆಗೆ ಕೂಲಿಗೆ ಹೋದ ಸಂಸಾರ ಮನೆಗೆ ಬೀಗ ಹಾಕಲೇಬೇಕು. ಅದು 'ನಿಲ್ಲಿಸಿದ್ದು' ಎಂದು ಬರೆದುಕೊಂಡರೆ? ಮಗನಿಗೆ ಮದುವೆ ಆಯಿತು, ಹಿಂದೆ ಒಂದು ಕೋಣೆ ಇಳಿಸಿದರು. ಅದು 'ವಿಸ್ತರಣೆ' ಎಂದರೆ? ಒಂದೇ ನಿಯಮ. ಗಟ್ಟಿ ಗೋಡೆಯವನಿಗೆ ಅದು ಕೊಡೆ, ಮಣ್ಣಿನ ಗೋಡೆಯವನಿಗೆ ಅದು ಮಳೆ.

ಇದು ನಮ್ಮೊಬ್ಬರ ಕತೆ ಅಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಿಕ್ ವೋ ಎಂಬ ಹೆಸರಿನ ಚೀನೀ ಲಾಂಡ್ರಿ ಇಪ್ಪತ್ತೆರಡು ವರ್ಷದಿಂದ ಒಂದೇ ಕಟ್ಟಡದಲ್ಲಿ ನಡೆಯುತ್ತಿತ್ತು. ಬೆಂಕಿ ಸುರಕ್ಷತೆಯ ಅಧಿಕಾರಿಗಳ ಒಪ್ಪಿಗೆಯೂ ಅದಕ್ಕಿತ್ತು. ಆಮೇಲೆ ನಗರಸಭೆ ಒಂದು ನಿಯಮ ತಂದಿತು. ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ನಮ್ಮ ಅನುಮತಿ ಬೇಕು. ನಿಯಮದಲ್ಲಿ ಚೀನೀಯರು ಎಂಬ ಪದವೇ ಇರಲಿಲ್ಲ. ಸುಮಾರು ಇನ್ನೂರು ಚೀನೀಯರು ಅರ್ಜಿ ಹಾಕಿದರು, ಒಬ್ಬರಿಗೂ ಸಿಗಲಿಲ್ಲ. ಚೀನೀಯರಲ್ಲದ ಸುಮಾರು ಎಂಬತ್ತು ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಸಿಕ್ಕಿತು. 1886ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಂದು ಮಾತನ್ನು ಸ್ಪಷ್ಟ ಮಾಡಿತು: ಕಾನೂನಿನ ಮುಖ ಸಮಾನವಾಗಿ ಕಂಡರೂ ಅದನ್ನು ನಡೆಸುವ ಕೈ ಪಕ್ಷಪಾತಿಯಾಗಿದ್ದರೆ ಅದು ಸಮಾನತೆಯಲ್ಲ. ನಮ್ಮ ಸಂವಿಧಾನದ 14ನೇ ವಿಧಿ ಓದುವಾಗ ಈ ಲಾಂಡ್ರಿಯನ್ನು ನೆನಪಿಟ್ಟುಕೊಳ್ಳಿ.

ದಿಲ್ಲಿಗೆ ಬನ್ನಿ. 1996ರ ಜುಲೈನಲ್ಲಿ ಸುಪ್ರೀಂ ಕೋರ್ಟು ಮಹಾಯೋಜನೆಗೆ ಹೊಂದದ 168 ಅಪಾಯಕಾರಿ ಕೈಗಾರಿಕೆಗಳನ್ನು ನಗರದೊಳಗೆ ನಿಲ್ಲಿಸಲು ಆದೇಶಿಸಿತು. ಗಾಳಿ ಶುದ್ಧ ಆಗಬೇಕು, ನಿಜ. ಆದರೆ ಆ ಕಾರ್ಖಾನೆಗಳ ಕೂಲಿಕಾರರ ಬದುಕು ಬೀದಿಗೆ ಬಂತು. ಹತ್ತು ವರ್ಷದ ನಂತರ, 2006ರಲ್ಲಿ, ವಸತಿ ಪ್ರದೇಶದ ಅಂಗಡಿಗಳಿಗೆ ಬೀಗಮುದ್ರೆ ಹಾಕಲು ಹೊರಟಾಗ ವರ್ತಕರು ಬೀದಿಗಿಳಿದರು, ಪಾರ್ಲಿಮೆಂಟೇ ಅಲ್ಲಾಡಿತು, 2007ರ ಮಹಾಯೋಜನೆಯಲ್ಲಿ ಮಿಶ್ರ ಬಳಕೆ ಎಂದು ಬರೆದು ಎಷ್ಟೋ ಅಂಗಡಿಗಳನ್ನು ಒಳಕ್ಕೆ ತೆಗೆದುಕೊಂಡರು. ಕೂಲಿಕಾರ ನಕ್ಷೆಗೆ ಹೊಂದದಿದ್ದಾಗ ಕೂಲಿಕಾರ ಹೋದ. ವರ್ತಕ ಹೊಂದದಿದ್ದಾಗ ನಕ್ಷೆ ಬದಲಾಯಿತು.

ನಮ್ಮ ರಾಜ್ಯವೂ ಇದಕ್ಕೆ ಹೊರತಲ್ಲ. ಯೋಜನಾ ಕಾಯ್ದೆಯ 14-ಎ ಕಲಮಿನಲ್ಲಿ ನಕ್ಷೆಯ ಬಣ್ಣ ಬದಲಿಸಲು ದಾರಿ ಇದೆ. ಪತ್ರಿಕೆಯಲ್ಲಿ ಪ್ರಕಟಣೆ, ಸರ್ಕಾರದ ಒಪ್ಪಿಗೆ, ಶುಲ್ಕ. ಯಾರಿಗೆ ಆ ದಾರಿ ಗೊತ್ತು? ಸೆಟ್‌ಬ್ಯಾಕ್ ಬಿಡದೆ ಕಟ್ಟಿದವರಿಗಾಗಿ 2007ರಲ್ಲಿ 76-ಎಫ್‌ಎಫ್ ಎಂಬ ಕಲಮನ್ನೇ ಸೇರಿಸಿದರು. ವಸತಿ ಕಟ್ಟಡವಾದರೆ ಅರ್ಧದಷ್ಟು ಉಲ್ಲಂಘನೆಯವರೆಗೂ ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಿ ಅಂದರು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಕಾನೂನು ಗೊತ್ತಿದ್ದೂ ಮುರಿದವನಿಗೆ ಸರ್ಕಾರ ಹುಡುಕಿದ ದಾರಿ ಇದು. ಬಗರ್ ಹುಕುಂ ಉಳುಮೆ ಮಾಡಿದವನಿಗೆ? ನಗರದ ಗಡಿಯಿಂದ ಇಂತಿಷ್ಟು ಕಿಲೋಮೀಟರ್ ಒಳಗಿನ ಜಮೀನು ಸಕ್ರಮಕ್ಕೆ ಬರುವುದಿಲ್ಲ ಅಂತ ಅದೇ ಸರ್ಕಾರದ ಭೂ ಕಂದಾಯ ಕಾಯ್ದೆ ಹೇಳುತ್ತೆ. ಉಳುವವನು ಇದ್ದಲ್ಲೇ ಇದ್ದಾನೆ. ನಗರವೇ ಅವನ ಹೊಲದ ಕಡೆ ನಡೆದುಕೊಂಡು ಬರುತ್ತಿದೆ. ತಪ್ಪು ಮಾತ್ರ ಅವನದು.

ನಮ್ಮ ಆಯನೂರು ಸೀಮೆಯಲ್ಲಿ ಶರಾವತಿ ಮುಳುಗಡೆಯ ಸಂಸಾರಗಳಿವೆ. ಅವರಲ್ಲಿ ಹೆಚ್ಚಿನವರು ದಲಿತರಲ್ಲ. ಆದರೆ ಅವರ ಪಾಡು ನಮಗೆ ಪಾಠ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನಾಡಿಗೆ ಬೆಳಕು ಬಂತು, ಇವರ ಊರು ನೀರಿನಡಿ ಹೋಯಿತು. ಇವರನ್ನು ತಂದು ಕಾಡಿನ ಜಾಗದಲ್ಲಿ ಕೂರಿಸಿದ್ದು ಸರ್ಕಾರವೇ. ಅರಣ್ಯ ಸಂರಕ್ಷಣಾ ಕಾಯ್ದೆ ಬಂದದ್ದು 1980ರಲ್ಲಿ. ಅಂದರೆ ಜನ ಮೊದಲು, ಕಾಯ್ದೆ ಆಮೇಲೆ. ಆದರೂ ಆ ಭೂಮಿಯನ್ನು ಅರಣ್ಯದಿಂದ ಬಿಡಿಸಿ ರಾಜ್ಯ ಸರ್ಕಾರ ಕೊಟ್ಟ ಆದೇಶಗಳು, ಕೇಂದ್ರದ ಅನುಮತಿ ಪಡೆದಿಲ್ಲ ಎಂಬ ಕಾರಣಕ್ಕೆ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು. 2006ರ ಅರಣ್ಯ ಹಕ್ಕು ಕಾಯ್ದೆಗೆ ಹೋದರೆ, ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ 75 ವರ್ಷದಿಂದ ಕಾಡಿನಲ್ಲಿ ಇದ್ದಿರಬೇಕು. 1964ರಿಂದ 2005ಕ್ಕೆ 41 ವರ್ಷ. ಲೆಕ್ಕ ಮುಗಿಯಿತು. ಸರ್ಕಾರವೇ ಕೂರಿಸಿದ ಜನರಿಗೆ ಕಾಗದ ಇಲ್ಲದೆ ಹೀಗಾದರೆ, ಊರ ಗೌಡ ಬಾಯಿಮಾತಿನಲ್ಲಿ ಕೂರಿಸಿದ ನಮ್ಮ ಕೇರಿಗಳ ಗತಿ ಏನು?

ಇಲ್ಲಿ ಎರಡು ಅನುಮಾನಗಳನ್ನು ನಾವೇ ಎತ್ತಿಕೊಳ್ಳಬೇಕು. ಯಾಕಂದ್ರೆ ಎದುರಾಳಿ ಎತ್ತಿಯೇ ಎತ್ತುತ್ತಾನೆ.

ಮೊದಲನೆಯದು: ಮೊದಲು ಬಂದದ್ದೆಲ್ಲ ಉಳಿಯಬೇಕೆಂದರೆ, ಕೇರಿಯ ಪಕ್ಕ ಬೂದಿ ಉಗುಳುವ ಗಿರಣಿಯೂ, ಕೇರಿಯ ಬಾಯಿಗೇ ತಂದಿಟ್ಟ ಕಸದ ಗುಡ್ಡವೂ ಉಳಿಯಬೇಕಲ್ಲ? ಇಲ್ಲ. ಹೊಂದದ ಬಳಕೆಯ ರಕ್ಷಣೆ ಇರುವುದು ಜಾಗದಲ್ಲಿ ಮುಂದುವರಿಯಲು, ಪಕ್ಕದವನ ಉಸಿರು ಕಟ್ಟಿಸಲು ಅಲ್ಲ. ಜಲ ಮಾಲಿನ್ಯ ಕಾಯ್ದೆ 1974ರದು, ವಾಯು ಮಾಲಿನ್ಯ ಕಾಯ್ದೆ 1981ರದು. ಯಾವ ನಕ್ಷೆಯ ಯಾವ ಬಣ್ಣದಲ್ಲಿದ್ದರೂ ಅವು ಅನ್ವಯಿಸುತ್ತವೆ. ಮನೆಯ ಹಕ್ಕು ಬೇರೆ, ಹೊಗೆಯ ಹಕ್ಕು ಬೇರೆ. ಹೊಗೆಗೆ ಹಕ್ಕೇ ಇಲ್ಲ.

ಎರಡನೆಯದು ಹೆಚ್ಚು ಕಠಿಣ. ಕೇರಿಯೇ ಜಾತಿ ಬರೆದ ನಕ್ಷೆ. ಆ ಕೇರಿಯನ್ನೇ ಉಳಿಸಿ ಅಂತ ಹೋರಾಡುವುದು ಜಾತಿಯ ಗೆರೆಯನ್ನು ಗಟ್ಟಿ ಮಾಡಿದ ಹಾಗಲ್ಲವೇ? ಹಾಸ್ಟೆಲಿನ ಗೆಳೆಯರು ಇದನ್ನು ಕೇಳುತ್ತಾರೆ, ಕೇಳಬೇಕು. ನಮ್ಮ ಉತ್ತರ ಇಷ್ಟು. ಕೇರಿ ಬಿಟ್ಟು ಹೋಗುವುದು ನಮ್ಮ ಆಯ್ಕೆ ಆಗಬೇಕು, ಜೆಸಿಬಿಯ ಆಯ್ಕೆ ಅಲ್ಲ. ಹಕ್ಕುಪತ್ರ ಇದ್ದವನು ಇರಬಹುದು, ಸಾಲ ತೆಗೆಯಬಹುದು, ಮಾರುವ ಹಕ್ಕು ಬಂದಾಗ ಮಾರಿ ಊರ ನಡುವೆಯೇ ಮನೆ ಕೊಳ್ಳಬಹುದು. ಹಕ್ಕುಪತ್ರ ಇಲ್ಲದವನು ಇರಲೂ ಆಗಲ್ಲ, ಹೋಗಲೂ ಆಗಲ್ಲ. ಎಬ್ಬಿಸಿದರೆ ಪರಿಹಾರವೂ ಇಲ್ಲ. ಕಾಗದವಿಲ್ಲದ ಕೇರಿಯೇ ನಿಜವಾದ ಸೆರೆಮನೆ.

ಅದಕ್ಕೇ 'ಹೊಂದದ ಬಳಕೆ' ಎಂಬ ಕರುಣೆಯೂ ನಮಗೆ ಸಾಲದು. ಇರಿ, ಆದರೆ ಬೆಳೆಯಬೇಡಿ. ಇರಿ, ಆದರೆ ಬಿದ್ದರೆ ಏಳಬೇಡಿ. ಈ ಧ್ವನಿ ನಮಗೆ ಹಳೆಯ ಪರಿಚಯ. ಹೋಟೆಲಿನ ಹೊರಗೆ ಬೇರೆ ಲೋಟ ಇಟ್ಟವರ ಧ್ವನಿ ಅದು. ನಮಗೆ ಬೇಕಾದದ್ದು ಸಹನೆ ಅಲ್ಲ, ನಕ್ಷೆಯಲ್ಲಿ ಬಣ್ಣ. ಕೇರಿ ಇರುವ ಜಾಗಕ್ಕೆ ವಸತಿಯ ಹಳದಿ ಬೇಕು. ನಮ್ಮ ಸ್ಮಶಾನಕ್ಕೆ ಸ್ಮಶಾನ ಎಂಬ ಗುರುತು ಬೇಕು. ಚಪ್ಪಲಿ ಹೊಲಿಯುವ ಕಟ್ಟೆಗೆ, ಬುಟ್ಟಿ ಹೆಣೆಯುವ ಅಂಗಳಕ್ಕೆ ಹೆಸರು ಬೇಕು.

ಇದು ಆಗದ ಮಾತೇನಲ್ಲ. ಇದೇ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. 1974ರ ಭೂ ಸುಧಾರಣಾ ತಿದ್ದುಪಡಿಯಲ್ಲಿ ಗೇಣಿದಾರನಿಗೆ ಭೂಮಿ ಬಂತು. ಗೇಣಿಯೂ ಇಲ್ಲದ ಕೂಲಿಯವನು, ಅಂದರೆ ನಮ್ಮವನು, ಬಹುಪಾಲು ಹೊರಗೇ ಉಳಿದ. ಅದೇ ಎಪ್ಪತ್ತರ ದಶಕದಲ್ಲಿ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದರು, ಭೂಮಿಯ ಪ್ರಶ್ನೆಯನ್ನು ಬೀದಿಗೆ ತಂದರು. ಹಾಡಿ, ಹಟ್ಟಿ, ತಾಂಡಾಗಳಲ್ಲಿ ವಾಸಿಸುವವನೇ ಮನೆಯ ಒಡೆಯ ಎಂಬ ಕಾನೂನು 2017ರಲ್ಲಿ ಜಾರಿಗೆ ಬಂದಾಗ ಕಂದಾಯ ಮಂತ್ರಿಯಾಗಿದ್ದವರು ಕಾಗೋಡು ತಿಮ್ಮಪ್ಪನವರು. ಖಾಸಗಿ ಜಮೀನಿನಲ್ಲಿರುವ ದಾಖಲೆಯಿಲ್ಲದ ಜನವಸತಿಗೂ ಅದರಿಂದ ದಾರಿಯಾಯಿತು. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ ಒಂದೇ ದಿನ ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದರು. ದಾರಿ ಇದೆ. ಆದರೆ ಆ ದಾರಿ ತಾನಾಗಿ ನಮ್ಮ ಕೇರಿಯ ಬಾಗಿಲಿಗೆ ಬರಲ್ಲ. ಕೇಳಿದವರ ಕಡೆಗೇ ಅದು ತಿರುಗುವುದು.

ಕೇಳುವವರು ಯಾರು? ನೀವೇ. ಹೊಲದಲ್ಲಿರುವ ಅಪ್ಪನಿಗೆ ಗೆಜೆಟ್ ಓದಲು ಬರಲ್ಲ. ನಿಮಗೆ ಬರುತ್ತೆ. ಆದ್ದರಿಂದ ಈ ರಜೆಗೆ ಊರಿಗೆ ಹೋದಾಗ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಹೋಗಿ.

ಕೇರಿಯ ಒಂದೊಂದು ಮನೆಯನ್ನೂ ಬರೆದುಕೊಳ್ಳಿ. ಯಾರು ಕಟ್ಟಿದ್ದು, ಎಷ್ಟು ವರ್ಷ ಆಯಿತು, ಸರ್ವೆ ನಂಬರ್ ಯಾವುದು. ಪ್ರತಿ ಮನೆಗೂ ಸಿಕ್ಕ ಪುರಾವೆ ಸೇರಿಸಿ. ಪಂಚಾಯ್ತಿ ಕಂದಾಯದ ರಸೀತಿ, ಭಾಗ್ಯಜ್ಯೋತಿ ಮೀಟರಿನ ಬಿಲ್ಲು, ಹಳೆಯ ಮತದಾರರ ಪಟ್ಟಿ, ಶಾಲೆಯ ದಾಖಲಾತಿಯಲ್ಲಿರುವ ವಿಳಾಸ, ಜನತಾ ಮನೆಯ ಕಾಗದ. ಕಂದಾಯದ ರಸೀತಿಯಿಂದ ಒಡೆತನ ಬರಲ್ಲ, ನಿಜ. ಆದರೆ ಆ ವರ್ಷ ಆ ಮನೆ ಅಲ್ಲಿತ್ತು ಎಂಬುದಕ್ಕೆ ಅದು ಸಾಕ್ಷಿ. ಹೊಂದದ ಬಳಕೆಯ ಜಗಳದಲ್ಲಿ ಮೊದಲ ಪ್ರಶ್ನೆಯೇ ಅದು. ಸ್ಮಶಾನ, ಬಾವಿ, ದಾರಿ ಇವನ್ನೂ ಗುರುತು ಮಾಡಿ ಫೋಟೋ ತೆಗೆಯಿರಿ. ಗ್ರಾಮಸಭೆಯಲ್ಲಿ ಈ ಪಟ್ಟಿಯನ್ನು ಓದಿ ನಡಾವಳಿಗೆ ಬರೆಸಿ. ಮಳೆಗೆ ಗೋಡೆ ಬಿದ್ದರೆ ಎತ್ತುವ ಮುಂಚೆ ಗ್ರಾಮ ಆಡಳಿತಾಧಿಕಾರಿಯನ್ನು ಕರೆದು ಮಹಜರು ಮಾಡಿಸಿ. ಬಿದ್ದದ್ದು ಇತ್ತು ಎಂಬುದಕ್ಕೆ ಆ ಒಂದು ಹಾಳೆ ಬೇಕು. ನಿಮ್ಮ ಊರು ಯೋಜನಾ ಪ್ರದೇಶದಲ್ಲಿ ಇದೆಯೋ ಇಲ್ಲವೋ, ಇದ್ದರೆ ಕೇರಿಗೆ ಯಾವ ಬಣ್ಣ ಹಾಕಿದ್ದಾರೆ ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಕೇಳಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರು ಲಿಖಿತವಾಗಿ ಅಭಿಪ್ರಾಯ ಹೇಳಲು ಕಾಯ್ದೆಯ 13ನೇ ಕಲಮಿನಲ್ಲಿ ಅರವತ್ತು ದಿನ ಇದೆ. ಬರೀ ಅರವತ್ತು ದಿನ. ಆ ಅರವತ್ತು ದಿನದಲ್ಲಿ ರಿಯಲ್ ಎಸ್ಟೇಟಿನವನು ವಕೀಲನನ್ನು ಕರೆದುಕೊಂಡು ಹೋಗುತ್ತಾನೆ. ನಾವು ಕೇರಿಯನ್ನೇ ಕರೆದುಕೊಂಡು ಹೋಗೋಣ. ಮನೆಗೊಂದು ಅರ್ಜಿ, ಅರ್ಜಿಗೊಂದು ಸೀಲು ಒತ್ತಿದ ಸ್ವೀಕೃತಿ. 1985ರಲ್ಲಿ ಬೊಂಬಾಯಿಯ ಫುಟ್‌ಪಾತ್ ವಾಸಿಗಳ ಮೊಕದ್ದಮೆಯಲ್ಲಿ ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟು ಹೇಳಿದೆ. ಆ ಮಾತನ್ನು ಪ್ರತಿ ಅರ್ಜಿಯಲ್ಲೂ ಬರೆಯಿರಿ. ಅರವತ್ತೊಂದನೇ ದಿನ ಘೋಷಣೆ ಕೂಗಿದರೆ ಗಂಟಲು ನೋಯುತ್ತೆ ಅಷ್ಟೇ.

ಪ್ರತಿ ಹಾಸ್ಟೆಲಿನಿಂದ ಒಂದು ಕೇರಿಯ ಪಟ್ಟಿಯಾದರೂ ಮುಂದಿನ ಸಭೆಗೆ ಬರಲಿ. ಆಯನೂರಿನಿಂದ, ಕುಂಸಿಯಿಂದ, ಹೊಳೆಹೊನ್ನೂರಿನಿಂದ, ಭದ್ರಾವತಿಯಿಂದ ಬರಲಿ. ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟರೆ ಅದೇ ನಮ್ಮ ನಕ್ಷೆ. ಅವರ ನಕ್ಷೆ ಬರುವ ಹೊತ್ತಿಗೆ ಅದು ಮೇಜಿನ ಮೇಲಿರಬೇಕು.

ಜೈ ಭೀಮ್.

- ಸಂ.